ಅಂಡಮಾನ್ ಪ್ರವಾಸಕ್ಕೆ ಪಾಸ್‌ಪೋರ್ಟ್ ಬೇಕೇ?

ವಯಸ್ಸಾದ ತಂದೆ-ತಾಯಿ, ಐದು ವರ್ಷದ ಮಗನೊಂದಿಗೆ ಕಲಬುರಗಿಯಿಂದ ಅಂಡಮಾನ್‌ಗೆ ಹೊರಟಿದ್ದೇವೆ, ಪಾಸ್‌ಪೋರ್ಟ್ ಮತ್ತು ಪೊಲೀಸ್ ಪ್ರಮಾಣಪತ್ರ ಬೇಕು ಎನ್ನುತ್ತಾರೆ, ನಿಜವೇ ಎಂದು ಕೇಳಿದ್ದೀರಿ.

ಎರಡೂ ಬೇಡ. ಪೊಲೀಸ್ ಪ್ರಮಾಣಪತ್ರದ ಮಾತು ಲಕ್ಷದ್ವೀಪದ್ದು. ಅಲ್ಲಿಗೆ ಭಾರತೀಯರೂ 1967ರ ನಿಯಮಗಳಂತೆ ಪ್ರವೇಶ ಪರವಾನಗಿ ಪಡೆದೇ ಹೋಗಬೇಕು. ಅಂಡಮಾನಿನ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೆ ನಮಗೆ ಅಂಥ ಕಟ್ಟಳೆಯಿಲ್ಲ. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, ಉಳಿದೆರಡು ಸ್ವರಾಜ್ ದ್ವೀಪ ಮತ್ತು ಶಹೀದ್ ದ್ವೀಪ. ಟಿಕೆಟ್ಟಿನಲ್ಲಿ ಯಾವ ಹೆಸರಿದ್ದರೂ ಗಾಬರಿಯಾಗಬೇಡಿ.

ಊರಿನಲ್ಲಿ ಟಿಕೆಟ್ ಮಾಡಿಕೊಡುವ ಅಂಗಡಿ ನನ್ನದು. ನಮ್ಮ ಭಾಗದವರಿಗೆ ತೊಡಕಾಗುವುದು ಹೆಸರಿನಲ್ಲಿ. ಹಿರಿಯರ ಆಧಾರ್‌ನಲ್ಲಿ ಬರೀ 'ಶರಣಮ್ಮ' ಎಂದಿರುತ್ತದೆ, ಮತದಾರರ ಚೀಟಿಯಲ್ಲಿ ಗಂಡನ ಹೆಸರು ಜೊತೆಗೂಡಿರುತ್ತದೆ, ಬ್ಯಾಂಕ್ ಪುಸ್ತಕದಲ್ಲಿ ಮನೆತನದ 'ಪಾಟೀಲ' ಬಂದಿರುತ್ತದೆ. ಮಕ್ಕಳು ಬಾಯಿಗೆ ಬಂದ ಹೆಸರಿನಲ್ಲಿ ಟಿಕೆಟ್ ಮಾಡಿಸುತ್ತಾರೆ. ಹಾಗೆ ಮಾಡಬೇಡಿ. ಯಾವ ಗುರುತಿನ ಚೀಟಿ ಒಯ್ಯುತ್ತೀರೋ ಅದನ್ನು ಎದುರಿಗಿಟ್ಟುಕೊಂಡು, ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ನೋಡಿ ತುಂಬಿಸಿ. ಒಂದೇ ಹೆಸರಿದ್ದರೆ ಮನೆತನದ ಜಾಗದಲ್ಲಿ ಏನು ಬರೆಯಬೇಕೆಂದು ವಿಮಾನ ಸಂಸ್ಥೆಯನ್ನೇ ಕೇಳಿ, ಊಹೆಯಿಂದ ಬರೆಯಬೇಡಿ. ವಿಳಾಸದಲ್ಲಿ ಇನ್ನೂ 'ಗುಲ್ಬರ್ಗಾ' ಎಂದಿದೆ ಎಂದು ಕೆಲವರು ಹೆದರುತ್ತಾರೆ. ಊರಿನ ಹೆಸರು ಬದಲಾದದ್ದು 2014ರಲ್ಲಿ, ಅದಕ್ಕಿಂತ ಹಳೆಯ ಚೀಟಿಗಳು ಮನೆಮನೆಯಲ್ಲಿವೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ನೋಡುವುದು ಹೆಸರು ಮತ್ತು ಭಾವಚಿತ್ರ.

ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಯಾವುದಾದರೂ ಸಾಕು, ಆದರೆ ಮೂಲಪ್ರತಿ ಇರಲಿ. ನೆರಳಚ್ಚು ನಡೆಯುವುದಿಲ್ಲ. ಮಗನಿಗೆ ತಂದೆ-ತಾಯಿ ಜೊತೆಗಿದ್ದರೆ ಪ್ರತ್ಯೇಕ ಚೀಟಿ ಕೇಳುವುದಿಲ್ಲ. ಆದರೂ ಅವನ ಆಧಾರ್ ಅಥವಾ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ, ಹೋಟೆಲಿನಲ್ಲಿ ಬೇಕಾಗಬಹುದು. ಕಲಬುರಗಿಯಿಂದ ಚೆನ್ನೈಗೆ ರೈಲಿನಲ್ಲಿ ಹೋಗಿ ಅಲ್ಲಿ ವಿಮಾನ ಹತ್ತುವುದು ಹಿರಿಯರಿಗೆ ಹಗುರ ಎಂಬುದು ನನ್ನ ಅಭಿಪ್ರಾಯ. ಚೀಟಿಗಳೆಲ್ಲ ತಾಯಿಯವರ ಕೈಚೀಲದಲ್ಲಿರಲಿ. ದ್ವೀಪದಿಂದ ದ್ವೀಪಕ್ಕೆ ಹಡಗು ಹತ್ತುವಾಗಲೂ ತೋರಿಸಬೇಕು, ಸಾಮಾನಿನ ಪೆಟ್ಟಿಗೆಗೆ ಹಾಕಿದರೆ ಪೇಚಾಟ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ ನೋಡುವ ಮನಸ್ಸಿದ್ದರೆ ಎಲ್ಲರ ಚೀಟಿಯ ಎರಡೆರಡು ನೆರಳಚ್ಚು ಊರಲ್ಲೇ ತೆಗೆಸಿಡಿ. ಆ ದಾರಿ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ಜಿರ್ಕಾಟಾಂಗ್ ತನಿಖಾ ಠಾಣೆಯಲ್ಲಿ ನೆರಳಚ್ಚಿನ ಜೊತೆ ಅರ್ಜಿ ತುಂಬಿಕೊಟ್ಟ ನಂತರವೇ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ಒಳಗೆ ವಾಹನ ನಿಲ್ಲಿಸುವುದು, ಆ ಜನರ ಫೋಟೊ ತೆಗೆಯುವುದು, ಅವರಿಗೆ ತಿಂಡಿ ಕೊಡುವುದು ಕಾನೂನಿನ ಪ್ರಕಾರ ಅಪರಾಧ. ಅದು ಅವರ ಮನೆ. ಮಗನಿಗೂ ಇದನ್ನು ಮೊದಲೇ ತಿಳಿಸಿ ಹೇಳಿ, ಮೊಬೈಲ್ ಒಳಗಿಟ್ಟುಬಿಡಿ. ನಿಕೋಬಾರ್‌ಗೆ ಹೋಗಲು ಬೇರೆಯೇ ಅನುಮತಿ ಬೇಕು, ಅದನ್ನು ಈ ಪ್ರವಾಸದಲ್ಲಿ ಸೇರಿಸಿಕೊಳ್ಳಬೇಡಿ.