ನಿದ್ದೆಯಲ್ಲಿ ಮಗು ಬೆಚ್ಚುತ್ತೆ, ಉಸಿರು ನಿಂತ ಹಾಗಾಗುತ್ತೆ

ಪ್ರಶ್ನೆ: ಡಾಕ್ಟ್ರೇ, ನನಗಿದು ಮೊದಲ ಮಗು, ಹುಟ್ಟಿ ಮೂರು ವಾರ ಆಯ್ತು. ತಿಂಗಳು ತುಂಬಿಯೇ ಹುಟ್ಟಿದ್ದು, ತೂಕವೂ ಚೆನ್ನಾಗಿತ್ತು. ರಾಜಾಜಿನಗರದ ತಾಯಿ ಮನೆಯಲ್ಲಿ ಬಾಣಂತನ. ರಾತ್ರಿ ಮಲಗಿದ್ದಾಗ ಮುಲುಗುತ್ತಾನೆ, ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತಾನೆ, ಕೈಕಾಲು ಇದ್ದಕ್ಕಿದ್ದಂತೆ ಅದುರುತ್ತವೆ, ಕಣ್ಣು ಅರ್ಧ ತೆರೆದೇ ಇರುತ್ತೆ. ಎಲ್ಲಕ್ಕಿಂತ ಭಯ ಆಗೋದು, ಉಸಿರು ಕೆಲವು ಸೆಕೆಂಡ್ ನಿಂತು ಆಮೇಲೆ ಬಿರಬಿರನೆ ಶುರುವಾಗುವಾಗ. ಅಮ್ಮ ದೃಷ್ಟಿ ಅಂತಾರೆ. ಅತ್ತೆ ಬೋರಲು ಮಲಗಿಸು ಅಂತಾರೆ. ಅವನ ಎದೆ ನೋಡ್ತಾ ಕೂತು ನನಗೆ ನಿದ್ದೆಯೇ ಇಲ್ಲ. ಫಿಟ್ಸ್ ಇರಬಹುದಾ?

ಉತ್ತರ: ನೀವು ಬರೆದಿರೋದನ್ನು ನೋಡಿದರೆ ಫಿಟ್ಸ್ ಅನ್ನಿಸುತ್ತಿಲ್ಲ. ಹಸುಗೂಸಿನ ನಿದ್ದೆ ನಮ್ಮ ನಿದ್ದೆಯ ಹಾಗೆ ತಣ್ಣಗಿರೋದಿಲ್ಲ. ಅದರಲ್ಲಿ ಸುಮಾರು ಅರ್ಧ ಭಾಗ ಚುರುಕು ನಿದ್ದೆ. ಆಗ ರೆಪ್ಪೆಯೊಳಗೆ ಕಣ್ಣು ಓಡಾಡುತ್ತೆ, ತುಟಿ ಚಪ್ಪರಿಸುತ್ತೆ, ಮಗು ನಗುತ್ತೆ, ಮುಖ ಸಿಂಡರಿಸುತ್ತೆ, ಮುಲುಗುತ್ತೆ. ಹಾಗೆ ಮುಲುಗಿದ ಕೂಡಲೇ ಎತ್ತಿಕೊಂಡರೆ ಪಾಪ, ಮಲಗಿದ್ದ ಮಗುವನ್ನೇ ಎಬ್ಬಿಸಿದ ಹಾಗಾಗುತ್ತೆ. ಒಂದೆರಡು ನಿಮಿಷ ಕಾಯಿರಿ.

ಉಸಿರಿನ ವಿಷಯ. ಉಸಿರಾಟ ನಡೆಸುವ ಮೆದುಳಿನ ಭಾಗ ಈ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತೆ. ಅದಕ್ಕೇ 5ರಿಂದ 10 ಸೆಕೆಂಡ್ ನಿಲ್ಲೋದು, ಆಮೇಲೆ ಬೇಗ ಬೇಗ ಎಳೆದುಕೊಳ್ಳೋದು, ಮತ್ತೆ ಸರಿಯಾಗೋದು. ಮೊದಲ ಕೆಲವು ತಿಂಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತೆ. ಆದರೆ 20 ಸೆಕೆಂಡ್ ದಾಟಿದರೆ, ಅಥವಾ ಎಷ್ಟೇ ಕಡಿಮೆ ಹೊತ್ತಾದರೂ ನಾಲಿಗೆ, ತುಟಿ ನೀಲಿಯಾದರೆ, ಮಗು ಬಟ್ಟೆಯ ಹಾಗೆ ಜೋತು ಬಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಗು ಸುಮ್ನೆ ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯೋದನ್ನು ಎಣಿಸಿ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಆಸ್ಪತ್ರೆಗೆ ಹೊರಡಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೂ ಹಾಗೆಯೇ.

ಅದುರುವಾಗ ಮೆಲ್ಲಗೆ ಎಬ್ಬಿಸಿ ನೋಡಿ. ಎಚ್ಚರವಾದ ತಕ್ಷಣ ನಿಂತು ಹೋದರೆ ಅದು ನಿದ್ದೆಯ ಅದುರು ಮಾತ್ರ. ಎಚ್ಚರವಿದ್ದಾಗಲೂ ಬಂದರೆ, ದೃಷ್ಟಿ ಒಂದೇ ಕಡೆ ನೆಟ್ಟರೆ, ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಅವತ್ತೇ ಡಾಕ್ಟರಿಗೆ ತೋರಿಸಿ. ಆ ವಿಡಿಯೋ ನಮಗೆ ತುಂಬಾ ಉಪಯೋಗ, ಯಾಕಂದ್ರೆ ಕ್ಲಿನಿಕ್ಕಿಗೆ ಬಂದಾಗ ಮಗು ಆರಾಮಾಗಿರುತ್ತೆ ಅಲ್ವಾ.

ನಿಜ ಹೇಳಬೇಕೆಂದರೆ ಮಲಗಿರೋ ಮಗುವಿಗಿಂತ ಎದ್ದಿರೋ ಮಗುವನ್ನು ನೋಡಿದರೆ ಹೆಚ್ಚು ತಿಳಿಯುತ್ತೆ. ದಿನಕ್ಕೆ 8ರಿಂದ 12 ಸಲ ಚೆನ್ನಾಗಿ ಹಾಲು ಚೀಪುತ್ತಾ? ಆರು ಸಲವಾದರೂ ಉಚ್ಚೆ ಮಾಡುತ್ತಾ? ಹುಟ್ಟಿದಾಗಿನ ತೂಕ ದಾಟಿದೆಯಾ? ಹೌದಾದರೆ ಧೈರ್ಯವಾಗಿರಿ. ಹಾಲಿಗೂ ಏಳದೆ ಮಂಕಾಗಿ ಮಲಗುವ ಮಗು ನನಗೆ ಹೆಚ್ಚು ಚಿಂತೆ. ಮೈ ಹಳದಿಯಾದರೂ, ಜ್ವರ 100.4 ಡಿಗ್ರಿ ಮುಟ್ಟಿದರೂ ಮನೆಮದ್ದು ಬೇಡ. ಇಂಥ ಕೂಸಿನ ಜ್ವರವನ್ನು ಆಸ್ಪತ್ರೆಯಲ್ಲೇ ನೋಡಬೇಕು.

ಅತ್ತೆಯವರ ಮಾತು ಮಾತ್ರ ಕೇಳಬೇಡಿ, ನನ್ನ ಹೆಸರು ಹೇಳಿಯೇ ಬೇಡ ಅನ್ನಿ. ಅಂಗಾತ ಮಲಗಿಸಿ, ಹಗಲೂ ರಾತ್ರಿಯೂ. ಅಮೆರಿಕದಲ್ಲಿ 1994ರಿಂದ ಹೀಗೆ ಮಲಗಿಸಿ ಅಂತ ದೊಡ್ಡ ಪ್ರಚಾರ ನಡೆದ ಮೇಲೆ ನಿದ್ದೆಯಲ್ಲೇ ಸಾಯುವ ಕೂಸುಗಳ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಗಟ್ಟಿ ಹಾಸಿಗೆ ಸಾಕು. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬೂ ಬೇಡ, ಮುಖದ ಹತ್ತಿರ ದಪ್ಪ ಹೊದಿಕೆಯೂ ಬೇಡ. ಸ್ನಾನದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯಂತೂ ಆ ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಮ್ಮ ದೃಷ್ಟಿ ತೆಗೆದರೆ ತೆಗೆಯಲಿ, ಅದರಿಂದ ಮಗುವಿಗೆ ತೊಂದರೆಯಿಲ್ಲ.

ಇನ್ನು ನೀವು. ರಾತ್ರಿ ಒಂದು ಸಲ ಹಾಲು ಕೊಟ್ಟ ಮೇಲೆ ಮಗುವನ್ನು ಅಮ್ಮನ ಕೈಗೆ ಕೊಟ್ಟು ಬೇರೆ ಕೋಣೆಯಲ್ಲಿ ಮಲಗಿ. ಮಗು ಚೆನ್ನಾಗಿದ್ದಾಗಲೂ ನಿಮಗೆ ನಿದ್ದೆ ಹತ್ತದಿದ್ದರೆ, ಸುಮ್ಸುಮ್ನೆ ಅಳು ಬರುತ್ತಿದ್ದರೆ, ಬಾಣಂತಿಗೆ ಇದೆಲ್ಲ ಸಹಜ ಅಂತ ತಳ್ಳಿಹಾಕಬೇಡಿ, ನಿಮ್ಮ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಮ್ಮ ನಿಮ್ಹಾನ್ಸ್‌ನಲ್ಲಿ ಇಂಥ ಕಷ್ಟಕ್ಕೆ ಬಾಣಂತಿಯರನ್ನು ನೋಡುವ ವಿಭಾಗವಿದೆ, ಮಗುವಿನ ಜೊತೆಗೇ ದಾಖಲಾಗಬಹುದು.