ಘಟ್ಟದ ಕಚ್ಚಾ ದಾರಿಯಲ್ಲಿ ಎಂಜಿನ್ ಕುದಿಯುತ್ತದೆ, ವಾಟರ್ ಪಂಪಿನ ಕೆಳಗೆ ಹಸಿರು ಹನಿ ಕಾಣುತ್ತದೆ: ದೊಡ್ಡ ರೇಡಿಯೇಟರ್ ಹಾಕಿಸಲೇ?

ಘಟ್ಟದ ಕಚ್ಚಾ ದಾರಿಯಲ್ಲಿ ಬೈಕಿನ ಎಂಜಿನ್ ಕುದಿಯುತ್ತದೆ, ಅದಕ್ಕೆ ದೊಡ್ಡ ರೇಡಿಯೇಟರ್, 1.8 ಬಾರ್ ಕ್ಯಾಪ್ (ಹೆಚ್ಚು ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳ), ನೀರಿಲ್ಲದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಈ ಮೂರರಲ್ಲಿ ಯಾವುದನ್ನು ಹಾಕಿಸಬೇಕೆಂದು ಕೇಳಿದ್ದೀರಿ. ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪಿನ ಕೆಳಗೆ ಆಗಾಗ ಒಂದೆರಡು ಹಸಿರು ಹನಿ ಕಾಣುತ್ತದೆ, ಅದೇನೂ ದೊಡ್ಡದಲ್ಲ ಎಂಬುದನ್ನು ಕೊನೆಯಲ್ಲಿ ಹೋಗುತ್ತಾ ಹೋಗುತ್ತಾ ಹೇಳಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಕೊನೆಯ ಸಾಲಿನ ಮೇಲೆ. 2021ರ ಮಳೆಗಾಲದಲ್ಲಿ ಹಾಸನದ ನಮ್ಮ ಮನೆಯ ಅಂಗಳದಲ್ಲಿ ಅದೇ ಹನಿಯನ್ನು ನಾನೂ ನೋಡಿದ್ದೆ, ಅದೇನೂ ದೊಡ್ಡದಲ್ಲ ಎಂದು ನಾನೂ ಅಂದುಕೊಂಡಿದ್ದೆ.

ನನ್ನದು ಒಂದೇ ಸಿಲಿಂಡರಿನ, ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲ್ಡ್ ಬೈಕು. ತಪ್ಪು ಪೂರ್ತಿ ನನ್ನದಾದ್ದರಿಂದ ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಭಾನುವಾರ ಬಂದರೆ ಸಕಲೇಶಪುರದ ಕಡೆ ಸ್ನೇಹಿತರೊಬ್ಬರ ಕಾಫಿ ತೋಟಕ್ಕೆ ಹೋಗಿ, ಟ್ರ್ಯಾಕ್ಟರ್ ಓಡಾಡಿ ಗುಂಡಿಬಿದ್ದ ಏರುದಾರಿಯಲ್ಲಿ ಕೆಸರಾಟ ಆಡುವುದು ನಮ್ಮ ರೂಢಿಯಾಗಿತ್ತು. ಆ ವರ್ಷ ಟೆಂಪರೇಚರ್ ಮೀಟರು ಮೊದಲಿಗಿಂತ ಬೇಗ ಮೇಲೇರತೊಡಗಿತು. ರೇಡಿಯೇಟರಿನಲ್ಲಿ ಕೂಲೆಂಟ್ ಕಡಿಮೆಯಾದಾಗಲೆಲ್ಲ ಮನೆಯ ಬೋರ್‌ವೆಲ್ ನೀರನ್ನೇ ಚೊಂಬಿನಲ್ಲಿ ಹಿಡಿದು ಸುರಿಯುತ್ತಿದ್ದೆ. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳದೆ ಎರಡು ತಿಂಗಳು ಹೀಗೆ ಸುರಿದೆನೆಂಬುದನ್ನು ಈಗ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಆಗಸ್ಟಿನಲ್ಲಿ ಒಂದು ದಿನ ಬೈಕು ತೊಳೆಯುವಾಗ, ಪಂಪಿನ ಕೆಳಭಾಗದಲ್ಲಿ ಬೆಂಕಿಕಡ್ಡಿ ತೂರುವಷ್ಟು ಚಿಕ್ಕ ತೂತೊಂದು ಕಂಡಿತು. ಅದರ ಬಾಯಲ್ಲಿ ಹಸಿರು ಕರೆ, ಕರೆಯ ತುದಿಯಲ್ಲಿ ಒಂದು ಹನಿ. ಎರಕ ಹೊಯ್ಯುವಾಗ ಉಳಿದ ದೋಷವಿರಬೇಕೆಂದು ಭಾವಿಸಿ, ಅಂಗಡಿಯಿಂದ ಎಂ-ಸೀಲ್ ತಂದು, ಎರಡೂ ಉಂಡೆಗಳನ್ನು ಚೆನ್ನಾಗಿ ನಾದಿ, ತೂತಿಗೆ ಒತ್ತಿ ಮುಚ್ಚಿಬಿಟ್ಟೆ. ಮರುದಿನದಿಂದ ಹನಿ ನಿಂತಿತು. ಮನೆಯವರ ಮುಂದೆ ಆ ಕೈಚಳಕವನ್ನು ಕೊಚ್ಚಿಕೊಂಡದ್ದೂ ಉಂಟು.

ಆ ತೂತು ಏನೆಂಬುದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ನಲವತ್ತೊಂದು ಸಾವಿರ ಕೊಡುವ ಪ್ರಸಂಗ ಬರುತ್ತಿರಲಿಲ್ಲ. ವಾಟರ್ ಪಂಪಿನ ಶಾಫ್ಟಿನ ಒಂದು ತುದಿ ಕೂಲೆಂಟಿನಲ್ಲಿ ಇಂಪೆಲ್ಲರನ್ನು, ಅಂದರೆ ಕೂಲೆಂಟನ್ನು ತಳ್ಳುವ ರೆಕ್ಕೆಚಕ್ರವನ್ನು, ತಿರುಗಿಸುತ್ತದೆ, ಇನ್ನೊಂದು ತುದಿ ಎಂಜಿನ್ ಆಯಿಲಿನೊಳಗಿರುತ್ತದೆ. ಈ ಎರಡು ದ್ರವಗಳು ಬೆರೆಯದಂತೆ ಶಾಫ್ಟಿನ ಮೇಲೆ ಎರಡು ಸೀಲುಗಳಿರುತ್ತವೆ: ಕೂಲೆಂಟಿನ ಕಡೆಗೆ ಮೆಕ್ಯಾನಿಕಲ್ ಸೀಲ್, ಆಯಿಲಿನ ಕಡೆಗೆ ರಬ್ಬರ್ ತುಟಿಯ ಆಯಿಲ್ ಸೀಲ್. ಇವೆರಡರ ನಡುವೆ ಬೇಕೆಂದೇ ಸ್ವಲ್ಪ ಖಾಲಿ ಜಾಗ ಬಿಟ್ಟು, ಅಲ್ಲಿಂದ ಹೊರಗೆ ಒಂದು ತೂತು ಕೊರೆದಿರುತ್ತಾರೆ. ಗ್ಯಾರೇಜಿನವರು ವೀಪ್ ಹೋಲ್ ಎನ್ನುವುದು ಇದಕ್ಕೇ. ಇದರಿಂದ ಕೂಲೆಂಟ್ ಹನಿದರೆ ಮೊದಲ ಸೀಲು ಹೋಗಿದೆ ಎಂದರ್ಥ, ಆಯಿಲ್ ಹನಿದರೆ ಎರಡನೆಯದು. ತೂತು ಮುಚ್ಚಿದರೆ ಸೋರಿಕೆಯೇನೂ ನಿಲ್ಲುವುದಿಲ್ಲ. ಸೋರಿದ ಕೂಲೆಂಟ್ ನಡುವಿನ ಜಾಗದಲ್ಲಿ ತುಂಬಿ, ಹೊರದಾರಿ ಕಾಣದೆ ಆಯಿಲ್ ಸೀಲನ್ನು ಬೆನ್ನಿನಿಂದ ಒತ್ತುತ್ತದೆ. ಆ ಸೀಲಿನ ತುಟಿ ಒಳಗಿನ ಆಯಿಲನ್ನು ತಡೆಯಲು ಮಾಡಿದ್ದೇ ಹೊರತು ಹಿಂದಿನಿಂದ ಬರುವ ಒತ್ತಡವನ್ನು ತಡೆಯಲು ಅಲ್ಲ. ತುಟಿ ಮೇಲೇಳುತ್ತದೆ, ಕೂಲೆಂಟ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ, ಅಂದರೆ ಆಯಿಲ್ ನಿಲ್ಲುವ ಎಂಜಿನ್ನಿನ ಕೆಳಭಾಗಕ್ಕೆ, ಇಳಿಯುತ್ತದೆ. ಅಂಗಳಕ್ಕೆ ಬೀಳುತ್ತಿದ್ದ ಹನಿಯನ್ನು ನಾನು ಎಂಜಿನ್ನಿನ ಹೊಟ್ಟೆಗೆ ತಿರುಗಿಸಿದ್ದೆ.

ಸೆಪ್ಟೆಂಬರಿನಲ್ಲಿ ಆಯಿಲ್ ನೋಡುವ ಗಾಜಿನ ಕಿಟಕಿಯಲ್ಲಿ ಮಟ್ಟ ಮೇಲಿನ ಗೆರೆಯನ್ನೂ ದಾಟಿತ್ತು. ಬೈಕು ಆಯಿಲನ್ನೇ ಕುಡಿಯುವುದಿಲ್ಲವಲ್ಲ ಎಂದು ಸಂತೋಷಪಟ್ಟೆ. ಆಯಿಲ್ ತಾನಾಗಿ ಹೆಚ್ಚುವುದು ಹೇಗೆಂಬ ಪ್ರಶ್ನೆ ಹುಟ್ಟಲೇ ಇಲ್ಲ. ಅಕ್ಟೋಬರಿನ ಹೊತ್ತಿಗೆ ಅದೇ ಗಾಜಿನಲ್ಲಿ ಗಸಗಸೆ ಪಾಯಸದ ಬಣ್ಣ ಕಂಡಾಗ, ಮಳೆಗಾಲದಲ್ಲಿ ಹತ್ತಿರದ ಓಡಾಟವೇ ಹೆಚ್ಚಾದರೆ ಆಯಿಲಿನಲ್ಲಿ ತೇವ ಕಟ್ಟುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಸಮಾಧಾನ ಮಾಡಿಕೊಂಡೆ. ಆ ಮಾತು ಸುಳ್ಳಲ್ಲ. ಆದರೆ ತೇವದ ಬಿಳುಪು ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಆವಿಯಾಗಿ ಹೋಗುತ್ತದೆ, ಅದರಿಂದ ಕೂಲೆಂಟಿನ ಮಟ್ಟವೂ ಇಳಿಯುವುದಿಲ್ಲ. ನನ್ನ ಬೈಕಿನಲ್ಲಿ ಬಿಳುಪು ಹೋಗಲಿಲ್ಲ, ಕೂಲೆಂಟ್ ಇಳಿಯುತ್ತಲೇ ಇತ್ತು.

ನವೆಂಬರಿನ ಒಂದು ಭಾನುವಾರ, ತೋಟದ ಕಡಿದಾದ ಏರಿನಲ್ಲಿ ಫಸ್ಟ್ ಗೇರಿನಲ್ಲಿ ಕ್ಲಚ್ ಅರ್ಧ ಹಿಡಿದು ಹತ್ತುತ್ತಿದ್ದಾಗ, ಕಬ್ಬಿಣದ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದು ಎಂಜಿನ್ ನಿಂತಿತು. ನೀರು ಬೆರೆತ ಆಯಿಲ್ ಬೇರಿಂಗಿನಲ್ಲಿ ಪದರ ಕಟ್ಟಿ ನಿಲ್ಲಲಾರದು; ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಹೋಗಿತ್ತು. ಹಾಲು ಸಾಗಿಸುವ ಪಿಕಪ್ಪಿನಲ್ಲಿ ಬೈಕನ್ನು ಹಾಸನಕ್ಕೆ ತಂದೆವು. ಮೆಕ್ಯಾನಿಕ್ ಪಂಪಿನ ಕೆಳಗೆ ಬೆರಳಾಡಿಸಿ, ಒಂದು ಕ್ಷಣ ಸುಮ್ಮನಿದ್ದು, "ಈ ತೂತು ಮುಚ್ಚಿದ್ದು ಯಾರು ಸಾರ್?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಮೂರರಲ್ಲಿ ಒಂದೂ ಬೇಡ. 1.1 ಬಾರ್ ಕ್ಯಾಪಿನ ಜಾಗದಲ್ಲಿ 1.8 ಬಾರ್ ಹಾಕಿದರೆ ನೀರು ಕುದಿಯುವ ಮಟ್ಟ ಸುಮಾರು 9 ಡಿಗ್ರಿ ಏರುವುದು ನಿಜ, ಆದರೆ ಎಂಜಿನ್ನಿನ ಬಿಸಿ ಅದರಿಂದ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಮೇಲಾಗಿ ಈಗಾಗಲೇ ಸೋರುತ್ತಿರುವ ಸೀಲಿನ ಮೇಲೆ ಒತ್ತಡ ಇನ್ನೂ ಹೆಚ್ಚುತ್ತದೆ. ನೀರಿಲ್ಲದ ಕೂಲೆಂಟ್ ಕುದಿಯುವುದು ತಡವಾದರೂ ಬಿಸಿಯನ್ನು ಹೊತ್ತೊಯ್ಯುವ ಶಕ್ತಿ ನೀರಿಗಿಂತ ಕಡಿಮೆ. ದೊಡ್ಡ ರೇಡಿಯೇಟರಿನ ಮಾತನ್ನು ಇರುವ ರೇಡಿಯೇಟರಿನಲ್ಲಿ ಕೂಲೆಂಟ್ ಪೂರ್ತಿ ನಿಂತ ಮೇಲೆ ಆಡೋಣ.

ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಕ್ಯಾಪನ್ನೇ ತೆಗೆದು ನೋಡಿ. ಬಿಸಿಯಿರುವಾಗ ಅದನ್ನು ಮುಟ್ಟಲೇಬೇಡಿ. ಪಕ್ಕದಲ್ಲಿರುವ ಹೆಚ್ಚುವರಿ ಕೂಲೆಂಟಿನ ಡಬ್ಬಿಯ ಮಟ್ಟವನ್ನು ನಂಬಬೇಡಿ. ಕ್ಯಾಪಿನ ವಾಲ್ವು ಕೆಟ್ಟಿದ್ದರೆ ಡಬ್ಬಿ ತುಂಬಿಯೇ ಇದ್ದು ರೇಡಿಯೇಟರ್ ಖಾಲಿಯಾಗಿರುತ್ತದೆ. ಕ್ಯಾಪ್ ತೆಗೆದಿಟ್ಟೇ ಎಂಜಿನ್ ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಪಂಪನ್ನು ಬಿಟ್ಟು ಹೆಡ್ ಗ್ಯಾಸ್ಕೆಟ್ಟನ್ನು (ಸಿಲಿಂಡರ್ ಮತ್ತು ಅದರ ಮೇಲಿನ ಹೆಡ್ಡಿನ ನಡುವಿನ ತೆಳು ಹಾಳೆ) ಸಂಶಯಿಸಿ. ಆಯಿಲಿಗೆ ನೀರು ಇಳಿದಿದೆಯೇ ಎಂಬುದನ್ನು ತಿಳಿಯಲು ರಾತ್ರಿಯಿಡೀ ನಿಂತ ಬೈಕಿನ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ: ಕೂಲೆಂಟ್ ಆಯಿಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿದ್ದದ್ದು ಮೊದಲು ಹೊರಬರುತ್ತದೆ.

ಪಂಪ್ ಬಿಚ್ಚಿಸಿದಾಗ ಸೀಲು ಮಾತ್ರ ಬದಲಿಸಿ ಎನ್ನಬೇಡಿ. ಶಾಫ್ಟಿನ ಮೇಲೆ ಸೀಲು ಕೂರುವ ಜಾಗದಲ್ಲಿ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಶಾಫ್ಟೂ ಹೊಸದಾಗಬೇಕು, ಇಲ್ಲದಿದ್ದರೆ ಹೊಸ ಸೀಲು ಹೆಚ್ಚು ಕಾಲ ಬಾಳದು. ನನ್ನ ಬೈಕಿನಲ್ಲಿ ಆ ಗೀರು ಬಿದ್ದದ್ದು ಬೋರ್‌ವೆಲ್ ನೀರಿನ ಸುಣ್ಣದಿಂದ ಎಂದು ಮೆಕ್ಯಾನಿಕ್ ಹೇಳಿದರು, ಇಂಪೆಲ್ಲರಿನ ಮೇಲೆ ಕಟ್ಟಿದ್ದ ಬಿಳಿ ಪೊರೆ ನೋಡಿದ ಮೇಲೆ ನಾನು ಎದುರಾಡಲಿಲ್ಲ. ಈಗ ನೀರು ಬೆರೆಸಿಯೇ ಬರುವ ಕೂಲೆಂಟನ್ನಷ್ಟೇ ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ತುಂಬಿಸುವಾಗ ಮುಂದಿನ ಚಕ್ರವನ್ನು ಎತ್ತರದಲ್ಲಿ ನಿಲ್ಲಿಸಿ, ಹೋಸ್ ಪೈಪುಗಳನ್ನು ಹಿಸುಕಿ, ಒಳಗಿನ ಗಾಳಿ ಪೂರ್ತಿ ಹೊರಡುವವರೆಗೆ ಕಾಯುತ್ತೇನೆ.

ಕೆಸರಿನ ವಿಷಯವೂ ಒಂದಿದೆ. ಮಲೆನಾಡಿನ ಕೆಂಪು ಮಣ್ಣು ರೇಡಿಯೇಟರಿನ ಎಲೆಗಳ ನಡುವೆ ಒಣಗಿದರೆ ಇಟ್ಟಿಗೆಯಂತಾಗುತ್ತದೆ, ಆಗ ಫ್ಯಾನು ತಿರುಗಿಯೂ ಪ್ರಯೋಜನವಿಲ್ಲ. ಅದನ್ನು ವಾಟರ್ ಸರ್ವೀಸಿನ ಗನ್ನಿನಿಂದ ಹೊಡೆಸಿದರೆ ಎಲೆಗಳೇ ಬಾಗಿ ಗಾಳಿಯ ದಾರಿ ಮುಚ್ಚುತ್ತದೆ. ಮಣ್ಣು ಹಸಿಯಿರುವಾಗಲೇ ಸಾಧಾರಣ ಪೈಪಿನಿಂದ, ಹಿಂದಿನಿಂದ ಮುಂದಕ್ಕೆ ನೀರು ಬಿಡಿ.

ಬರುವ ಭಾನುವಾರದ ಕಚ್ಚಾ ದಾರಿಯ ಸವಾರಿಗೆ ಹೋಗಬಹುದೇ ಎಂದೂ ಕೇಳಿದ್ದೀರಿ. ಹೋಗಬೇಡಿ. ಸೀಲು ಬರುವವರೆಗೆ ಬೈಕು ನಿಂತಿರಲಿ, ತೂತಿನ ಕೆಳಗೆ ಒಂದು ಡಬ್ಬಿ ಇಡಿ. ಮನೆಯಲ್ಲಿ ನಾಯಿಯಿದ್ದರೆ ಆ ಡಬ್ಬಿಯನ್ನು ಅದಕ್ಕೆ ಎಟುಕದಂತೆ ನೋಡಿಕೊಳ್ಳಿ, ಕೂಲೆಂಟ್ ಸಿಹಿಯಾಗಿರುತ್ತದೆ, ವಿಷವೂ ಹೌದು.