ಪರವಾನಗಿ ಪರೀಕ್ಷೆ: ಬುದ್ಧಿಮಾತಿಗೆ ಅಂಕವಿಲ್ಲ

ಪ್ರಶ್ನೆ: ನಾನು ಹಾಸನದವಳು. ಮದುವೆಯಾಗಿ ಟೆಕ್ಸಾಸ್‌ಗೆ ಬಂದ ಮೇಲೆ ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಪರವಾನಗಿಗಾಗಿ ಎನ್‌ಸಿಎಂಎಚ್‌ಸಿಇ (ಅಮೆರಿಕದಲ್ಲಿ ಆಪ್ತಸಮಾಲೋಚಕರಿಗೆ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ) ಬರೆಯಲಿದ್ದೇನೆ. ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಾದ ಡಿಎಸ್‌ಎಂ ಬಹುಪಾಲು ಬಾಯಿಪಾಠವಾಗಿದೆ. ಆದರೂ ಮಾದರಿ ಪರೀಕ್ಷೆಗಳಲ್ಲಿ ನಾಲ್ಕು ಆಯ್ಕೆ ಎರಡಕ್ಕೆ ಇಳಿದಾಗ ಕೈ ತಪ್ಪಿನ ಕಡೆಗೇ ಹೋಗುತ್ತದೆ. ಎಲ್ಲಿ ಎಡವುತ್ತಿದ್ದೇನೆ?
– ಹೆಸರು ಬೇಡ, ಹ್ಯೂಸ್ಟನ್

ಉತ್ತರ: ಬಾಯಿಪಾಠಕ್ಕೆ ನೀವು ಅಗತ್ಯಕ್ಕಿಂತ ಹೆಚ್ಚೇ ಸಮಯ ಕೊಟ್ಟಿದ್ದೀರಿ ಎಂದು ನನ್ನ ಅನುಮಾನ. ಈ ಪರೀಕ್ಷೆಯಲ್ಲಿ 11 ಪ್ರಕರಣಗಳಿರುತ್ತವೆ (ಒಂದಕ್ಕೆ ಅಂಕವಿಲ್ಲ, ಯಾವುದಕ್ಕೆಂದು ಹೇಳುವುದೂ ಇಲ್ಲ). ಪ್ರತಿಯೊಂದರಲ್ಲೂ ಮೊದಲ ಭೇಟಿಯ ಟಿಪ್ಪಣಿ, ಆಮೇಲೆ ಎರಡು ಸೆಷನ್‌ಗಳ ವಿವರ, ಜತೆಗೆ 9ರಿಂದ 15 ಪ್ರಶ್ನೆ. ಒಟ್ಟು ಸಮಯ 225 ನಿಮಿಷ. ಮೌಲ್ಯಮಾಪನ, ರೋಗನಿರ್ಣಯಕ್ಕೆ ಶೇ 25ರಷ್ಟು ಅಂಕ, ಸಮಾಲೋಚನಾ ಕೌಶಲಕ್ಕೆ ಶೇ 30. ಕಾಯಿಲೆಯ ಹೆಸರು ಹಿಡಿದರೂ ದಾರಿ ಕಾಲು ಭಾಗವಷ್ಟೇ ಸವೆಯುತ್ತದೆ.

ಒಂದು ಮಾದರಿ ನೋಡಿ. 34 ವರ್ಷದ ಮಹಿಳೆ, ಕೆಲಸ ಹೋಗಿ ಎರಡು ತಿಂಗಳಾಗಿದೆ. ಎರಡನೇ ಸೆಷನ್‌ನಲ್ಲಿ ‘ನಾನಿಲ್ಲದಿದ್ದರೆ ಮನೆಯವರಿಗೆ ಹೊರೆಯಾದರೂ ತಪ್ಪುತ್ತಿತ್ತು’ ಎನ್ನುತ್ತಾರೆ. ಮೊದಲು ಏನು ಮಾಡುತ್ತೀರಿ? ಗಂಡನಿಗೆ ಫೋನ್ ಮಾಡುವುದು, ಆಸ್ಪತ್ರೆಗೆ ಸೇರಿಸುವುದು, ಮನೆಯವರಿಗೆ ಅವರು ಎಷ್ಟು ಮುಖ್ಯ ಎಂದು ಮನವರಿಕೆ ಮಾಡಿಕೊಡುವುದು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದು. ಸರಿಯುತ್ತರ ಕೊನೆಯದು. ಅಪಾಯ ಎಷ್ಟೆಂದು ತಿಳಿಯುವ ಮೊದಲೇ ಗೌಪ್ಯತೆ ಮುರಿಯುವಂತಿಲ್ಲ, ಆಸ್ಪತ್ರೆಗೆ ಕಳಿಸುವಂತೆಯೂ ಇಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ನಿಮ್ಮ ಕೈ ಮೂರನೆಯದಕ್ಕೆ ಹೋಗಿತ್ತೇ? ಆಶ್ಚರ್ಯವಿಲ್ಲ. ಅಳುವವರು ಎದುರಾದರೆ ಸಮಾಧಾನ ಹೇಳಿ, ಹಿಂದೆಯೇ ಎರಡು ಬುದ್ಧಿಮಾತು ಸೇರಿಸಿ ಕಳಿಸುವ ಮನೆಗಳಲ್ಲಿ ಬೆಳೆದವರು ನಾವು. ಈ ಪರೀಕ್ಷೆಯಲ್ಲಿ ಬುದ್ಧಿಮಾತಿನ ವಾಸನೆಯಿರುವ ಆಯ್ಕೆ ಬಹುತೇಕ ತಪ್ಪೇ ಆಗಿರುತ್ತದೆ.

ಆದ್ದರಿಂದ ಉತ್ತರ ತಪ್ಪಾದಾಗ ಸರಿಯುತ್ತರ ಬರೆದುಕೊಂಡು ಮುಂದೆ ಹೋಗಬೇಡಿ. ನೀವು ಆರಿಸಿದ್ದು ಏಕೆ ತಪ್ಪು ಎಂಬುದನ್ನು ಒಂದೆರಡು ಪದಗಳಲ್ಲಿ ಪಕ್ಕದಲ್ಲೇ ಬರೆಯಿರಿ: ‘ಅವಸರ’, ‘ಉಪದೇಶ’, ‘ಪ್ರಕರಣದಲ್ಲಿ ಇಲ್ಲದ್ದನ್ನು ಊಹಿಸಿದೆ’. ಕೆಲವು ಪ್ರಕರಣ ಮುಗಿಯುವಷ್ಟರಲ್ಲಿ ಯಾವ ಪದ ಮತ್ತೆ ಮತ್ತೆ ಬರುತ್ತಿದೆ ಎಂದು ಕಾಣುತ್ತದೆ. ನಿಮ್ಮ ತಯಾರಿ ಅಲ್ಲಿಂದ ಶುರುವಾಗಲಿ.

ಡಿಎಸ್‌ಎಂನಲ್ಲಿ ಬಾಯಿಗೆ ಬರಲೇಬೇಕಾದದ್ದು ಕಾಲಾವಧಿ. ಅಪಘಾತವಾಗಿ ಮೂರು ವಾರ, ಅದೇ ದುಃಸ್ವಪ್ನ, ಆ ರಸ್ತೆಗೆ ಹೋಗಲು ಭಯ ಎಂದರೆ ಯೋಚಿಸಬೇಕಾದದ್ದು ತೀವ್ರ ಒತ್ತಡದ ಅಸ್ವಸ್ಥತೆ. ತಿಂಗಳು ದಾಟಿದ ಮೇಲೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಅಸ್ವಸ್ಥತೆ). ಮಿತಿಮೀರಿದ ಉತ್ಸಾಹ, ಚಟುವಟಿಕೆಯ ಸ್ಥಿತಿಯಾದ ಮೇನಿಯಾಕ್ಕೆ ಕನಿಷ್ಠ ಒಂದು ವಾರ, ಅದರ ಸೌಮ್ಯ ರೂಪವಾದ ಹೈಪೋಮೇನಿಯಾಕ್ಕೆ 4 ದಿನ. 2022ರ ಪರಿಷ್ಕೃತ ಆವೃತ್ತಿಯಲ್ಲಿ ಸೇರಿದ ದೀರ್ಘಕಾಲದ ಶೋಕದ ಅಸ್ವಸ್ಥತೆಗೆ ವಯಸ್ಕರಲ್ಲಿ ಸಾವು ಸಂಭವಿಸಿ ಕನಿಷ್ಠ 12 ತಿಂಗಳಾಗಿರಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಪರೀಕ್ಷೆಯ ಸ್ವರೂಪವೂ ಬದಲಾಯಿತು. ಅದಕ್ಕಿಂತ ಹಿಂದಿನ ಮಾರ್ಗದರ್ಶಿ ಪುಸ್ತಕವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ ಎನ್ನಿ.

ಟೆಕ್ಸಾಸ್‌ನವರಿಗೆ ಇನ್ನೊಂದು ತೊಡಕಿದೆ. ರೋಗಿಯಿಂದ ಮೂರನೆಯವರ ಜೀವಕ್ಕೆ ಅಪಾಯವಿದ್ದರೆ ಅವರನ್ನು ರಕ್ಷಿಸಲು ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಟರಾಸಾಫ್ ಪ್ರಕರಣದಲ್ಲಿ ಹೇಳಿತು. (ಟರಾಸಾಫ್ ಎಂಬ ಯುವತಿಯನ್ನು ಕೊಂದ ಆ ರೋಗಿ ಭಾರತದಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಓದಲು ಹೋಗಿದ್ದ ವಿದ್ಯಾರ್ಥಿ.) ಟೆಕ್ಸಾಸ್‌ನ ಸುಪ್ರೀಂ ಕೋರ್ಟ್ 1999ರಲ್ಲಿ ಅಪಾಯದಲ್ಲಿರುವವರನ್ನು ಎಚ್ಚರಿಸುವ ಹೊಣೆಯನ್ನು ಒಪ್ಪಲಿಲ್ಲ. ವೈದ್ಯಕೀಯ ಸಿಬ್ಬಂದಿಗೋ ಪೊಲೀಸರಿಗೋ ತಿಳಿಸಲು ಅಲ್ಲಿನ ಕಾನೂನು ಅನುಮತಿ ಕೊಡುತ್ತದೆ, ಅಷ್ಟೆ. ರಾಷ್ಟ್ರಮಟ್ಟದ ಪರೀಕ್ಷೆಗೆ ಟರಾಸಾಫ್ ತತ್ವ, ನೀವು ಪ್ರತ್ಯೇಕವಾಗಿ ಬರೆಯಬೇಕಾದ ರಾಜ್ಯದ ಕಾನೂನು ಪರೀಕ್ಷೆಗೆ ಟೆಕ್ಸಾಸ್ ನಿಯಮ. ಎರಡನ್ನೂ ಒಂದೇ ವಾರದಲ್ಲಿ ಓದಲು ಕೂರಬೇಡಿ.